ಇಷ್ಟು ಓದಿಯೂ ಅದನ್ನೆಲ್ಲ ನಂಬ್ತೀರಾ?

"ಇಷ್ಟು ಓದ್ಕೊಂಡಿದೀರ, ಸತ್ತವನು ಎದ್ದು ಬಂದ ಅಂತ ನಿಜವಾಗ್ಲೂ ನಂಬ್ತೀರಾ ಸಾರ್?" ಮೈಸೂರಲ್ಲಿ ಇತಿಹಾಸ ಪಾಠ ಮಾಡುವ ಕ್ರೈಸ್ತನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಂಬುತ್ತೇನೆ ಕಣ್ರೀ. ಕಾರಣಗಳೂ ಇವೆ. ಆದರೆ ಕೇಳುವವರಿಗೆ ಬೇಕಿರುವುದು ಕಾರಣವಲ್ಲ, ನಾನು ತಡವರಿಸುವುದನ್ನು ನೋಡಬೇಕು, ಅಷ್ಟೆ.

ಒಮ್ಮೆ ಮಂಡ್ಯದ ಕಡೆ ಬೀಗರೂಟಕ್ಕೆ ಹೋಗಿದ್ದೆ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಿದ್ದೇನೆ, ಪಕ್ಕದೆಲೆಯ ಯಜಮಾನರು ಶುರು ಹಚ್ಚಿಕೊಂಡರು: "ಅಲ್ಲ ಕಣ್ ಮೇಷ್ಟ್ರೇ, ಏಸು ಅನ್ನೋನು ಇದ್ದ ಅನ್ನೋದ್ಕೇ ಪುರಾವೆ ಇಲ್ವಂತಲ್ಲಾ?" ಮುದ್ದೆ ಅಗಿಯುವ ಹಾಗಿಲ್ಲ, ನುಂಗಿದ ಮೇಲೇ ಮಾತು. ನುಂಗಿ ಹೇಳಿದೆ: ರೋಮಿನ ಇತಿಹಾಸಕಾರ ಟ್ಯಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಅಂಥವನೇ ಕ್ರಿ.ಶ. 64ರಲ್ಲಿ ರೋಮ್ ಹೊತ್ತಿ ಉರಿದ ಅನಾಹುತದ ಬಗ್ಗೆ ಬರೆಯುತ್ತ, ಚಕ್ರವರ್ತಿ ತಿಬೇರಿಯಸನ ಕಾಲದಲ್ಲಿ ಯೂದಾಯದ ರೋಮನ್ ಅಧಿಕಾರಿ ಪಿಲಾತ ಕ್ರಿಸ್ತನನ್ನು ಕೊಲ್ಲಿಸಿದ ಅಂತ ದಾಖಲಿಸಿದ್ದಾನೆ. ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಯೇಸುವಿನ ಸಹೋದರ ಯಾಕೋಬನ ಸಾವನ್ನು ಬರೆದಿದ್ದಾನೆ. (ಯೇಸುವಿನ ಬಗ್ಗೆಯೇ ಇರುವ ಅವನ ಇನ್ನೊಂದು ಭಾಗಕ್ಕೆ ಆಮೇಲೆ ಕ್ರೈಸ್ತರು ಕೈ ಹಾಕಿ ತಿದ್ದಿದ್ದಾರೆ, ಅದನ್ನು ನಾನು ಎತ್ತುವುದಿಲ್ಲ.)

"ಇದ್ದ ಅಂತ್ಲೇ ಇಟ್ಕೊಳ್ಳಿ. ಎದ್ ಬಂದದ್ದು?" ಅಷ್ಟರಲ್ಲಿ ಬೋಟಿ ಗೊಜ್ಜು ಬಂತು. ಯಜಮಾನರು ನನ್ನನ್ನು ಅಲ್ಲೇ ಬಿಟ್ಟರು.

ಅವರು ಕೇಳಿಸಿಕೊಳ್ಳದ ಉತ್ತರ ಇದು. ಯೇಸುವಿನ ಅಪೊಸ್ತಲ ಪೌಲ, ಕೊರಿಂಥ ಊರಿನ ಕ್ರೈಸ್ತರಿಗೆ ಬೈಬಲಿನಲ್ಲಿರುವ ಮೊದಲನೇ ಪತ್ರ ಬರೆದಾಗ ಸುಮಾರು ಕ್ರಿ.ಶ. 55. ಶಿಲುಬೆಗೇರಿಸಿ ಇಪ್ಪತ್ತೈದು ವರ್ಷದ ಆಸುಪಾಸು. ಎದ್ದ ಕ್ರಿಸ್ತನನ್ನು ಕಂಡವರ ಪಟ್ಟಿ 15ನೇ ಅಧ್ಯಾಯದಲ್ಲಿದೆ. ಐನೂರಕ್ಕೂ ಹೆಚ್ಚು ಜನ ಒಟ್ಟಿಗೇ ಕಂಡರು, ಬಹಳ ಮಂದಿ ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಹೋಗಿ ಕೇಳಿಕೊಳ್ಳಿ ಅಂದ ಹಾಗೆ. ಇನ್ನು ಯೇಸುವಿನ ಬದುಕು ಹೇಳುವ ಬೈಬಲಿನ ನಾಲ್ಕೂ ಸುವಾರ್ತೆಗಳಲ್ಲಿ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷಿಗೆ ಬೆಲೆ ಕಮ್ಮಿ ಇದ್ದ ಕಾಲ ಅದು. ಕಥೆ ಕಟ್ಟುವವನು ಗಂಡಸರನ್ನೇ ಕಳಿಸುತ್ತಿದ್ದ. ಇದರಿಂದ ಪವಾಡ ಸಾಬೀತಾಗುವುದಿಲ್ಲ. ಕಂಡೆವು ಅಂತ ಮನಸಾರೆ ನಂಬಿದವರು ಇದ್ದರು ಅನ್ನುವವರೆಗೆ ಬರಬಹುದು, ಮುಂದಿನದು ಅವರವರ ತೀರ್ಮಾನ.

"ದೇವರಿದ್ದಾನೆ ಅನ್ನೋ ತರ್ಕವೆಲ್ಲ ಫಾರಿನ್ನಿನದು" ಅನ್ನುವವರೂ ಇದ್ದಾರೆ. ಕಾರ್ಯ ಕಂಡ ಮೇಲೆ ಕರ್ತನನ್ನು ಒಪ್ಪಬೇಕು ಅಂತ ಮಿಥಿಲೆಯ ತರ್ಕಪಂಡಿತ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ವಾದಿಸಿದ್ದು, 13ನೇ ಶತಮಾನದ ಯುರೋಪಿನ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಹುಟ್ಟುವುದಕ್ಕೂ ಮೊದಲು. ಇನ್ನೊಬ್ಬ ಕ್ರೈಸ್ತ ಪಂಡಿತ ಅನ್ಸೆಲ್ಮನ ವಾದ ಮಾತ್ರ, ಅಂದರೆ ಅದಕ್ಕಿಂತ ದೊಡ್ಡದನ್ನು ಊಹಿಸಲಾಗದ್ದು ಇರಲೇಬೇಕು ಅನ್ನುವುದು, ನನಗೆ ಇವತ್ತಿಗೂ ಕಣ್ಕಟ್ಟು ಅನ್ನಿಸುತ್ತದೆ.

ನಿಜ ಹೇಳಬೇಕೆಂದರೆ ಇವೆಲ್ಲ ನನ್ನ ನಿದ್ದೆ ಕೆಡಿಸುವ ಪ್ರಶ್ನೆಗಳಲ್ಲ. ಒಳ್ಳೆಯ ದೇವರಿದ್ದರೆ ಆಸ್ಪತ್ರೆಗಳಲ್ಲಿ ಮಕ್ಕಳ ಕ್ಯಾನ್ಸರ್ ವಾರ್ಡ್ ಯಾಕಿದೆ ಅಂತ ಯಾರೂ ಕೇಳುವುದಿಲ್ಲವಲ್ಲ! ಅಕ್ವಿನಾಸ್ ದೇವರಿದ್ದಾನೆ ಅನ್ನುವ ತನ್ನ ಐದು ವಾದಗಳಿಗೆ ಮೊದಲು ಬರೆದುಕೊಂಡ ಆಕ್ಷೇಪವೇ ಈ ಕೇಡಿನದು. ದೇವರು ಕೇಡಿನಿಂದಲೂ ಒಳಿತು ತೆಗೆಯುತ್ತಾನೆ ಅಂತ ಎರಡು ಮಾತಲ್ಲಿ ಮುಗಿಸಿದ. ನನಗೆ ಅದು ಸಾಲದು. "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಅಂತ ಶಿಲುಬೆಯ ಮೇಲೆ ಯೇಸುವೇ ಕೂಗಿದ್ದನ್ನು ಸುವಾರ್ತೆ ಬರೆದ ಮಾರ್ಕ ಮುಚ್ಚಿಡದೆ ಬರೆದಿದ್ದಾನೆ. ನಾನು ಕ್ರೈಸ್ತನಾಗಿ ಉಳಿದಿರುವುದು ಆ ಐನೂರು ಸಾಕ್ಷಿಗಳಿಗಿಂತ ಹೆಚ್ಚಾಗಿ ಆ ಒಂದು ಕೂಗಿನಿಂದ.