ಪತ್ರಕರ್ತರೋ, ಹೋರಾಟಗಾರರೋ ಎಂದು ಕೇಳುವವರಿಗೆ

‘ನೀವು ಪತ್ರಕರ್ತರೋ, ಹೋರಾಟಗಾರರೋ?’ ಎಂಬ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಈ ಬರಹದ ಕೊಂಡಿಯನ್ನು ಕಳುಹಿಸಿ ಸುಮ್ಮನಾಗುವುದು ನನ್ನ ಉದ್ದೇಶ. ಚುಟುಕಾದ ಉತ್ತರ ಸಾಕೆನ್ನುವವರಿಗೆ ಇಷ್ಟು: ನಾನು ಮೈಸೂರಿನಲ್ಲಿ ಮನೆ ಕಂದಾಯ ಕಟ್ಟುವವನು. ಕೆರೆಗೆ ಕೊಳಚೆ ಹರಿಯುವುದು ಕಂಡರೆ ಅದರ ಬಗ್ಗೆ ನನ್ನ ಬ್ಲಾಗಿನಲ್ಲಿ ಬರೆಯುತ್ತೇನೆ. ಅದನ್ನು ನಿಲ್ಲಿಸಿ ಎಂದು ಧರಣಿ ಕೂತವರ ಪಕ್ಕದಲ್ಲಿ ಹೋಗಿ ನಾನೂ ಕೂರುತ್ತೇನೆ. ಎರಡನ್ನೂ ಮಾಡುತ್ತೇನೆ.

ಇಷ್ಟು ಸಾಲದವರಿಗೆ ಮೊದಲು ಹೇಳಬೇಕಾದದ್ದು, ಈ ಪ್ರಶ್ನೆಯನ್ನು ತಿಳಿದುಕೊಳ್ಳುವ ಆಸೆಯಿಂದ ಕೇಳಿದವರು ನನಗೆ ಹೆಚ್ಚು ಸಿಕ್ಕಿಲ್ಲ ಎಂಬುದನ್ನು. ಕಾಫಿಯೋ, ಟೀಯೋ ಎಂದು ಕೇಳುವ ಧಾಟಿಯಲ್ಲಿ ಕೇಳುತ್ತಾರೆ; ಎರಡರಲ್ಲಿ ಒಂದನ್ನು ಹೇಳಿ ಮುಗಿಸಲೇಬೇಕು. ಅಧಿಕಾರಿಗಳು ಕೇಳಿದರೆ, ನಿಮಗೆ ಉತ್ತರ ಕೊಡಬೇಕಾದ ಅಗತ್ಯ ನನಗಿಲ್ಲ ಎಂದು ತಿಳಿಯಬೇಕು. ವೃತ್ತಿಪರ ಪತ್ರಕರ್ತರು ಕೇಳಿದರೆ, ನೀವು ಕೂತಿರುವ ಕುರ್ಚಿ ನಮ್ಮದು ಎಂದು ತಿಳಿಯಬೇಕು. ಮದುವೆ ಮನೆಯಲ್ಲಿ ಸಿಗುವ ದೊಡ್ಡಪ್ಪ ಕೇಳಿದರೆ ಮಾತ್ರ ವಿಷಯ ಬೇರೆ: ಇದರಿಂದ ಸಂಬಳವೇನಾದರೂ ಬರುತ್ತದೆಯೇ ಎಂಬುದು ಅವರ ನಿಜವಾದ ಪ್ರಶ್ನೆ. ಎಲ್ಲರಿಗಿಂತ ಪ್ರಾಮಾಣಿಕರು ಅವರೇ ಆದ್ದರಿಂದ ಅವರಿಗೆ ಮಾತ್ರ ನಾನು ನೇರವಾಗಿ ಉತ್ತರಿಸುತ್ತೇನೆ. ಬರುವುದಿಲ್ಲ.

ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ, ಹೆಸರುಗಳು ಬೇಡ. ನಮ್ಮ ಬಡಾವಣೆಯ ಹತ್ತಿರದ ಕೆರೆಗೆ ಒಳಚರಂಡಿ ನೀರು ಸೇರುತ್ತಿತ್ತು. ಮಳೆನೀರಿನ ಚರಂಡಿಯಲ್ಲಿ ಬಿರುಬೇಸಿಗೆಯಲ್ಲೂ ನೊರೆ ಹರಿಯುತ್ತಿದ್ದರೆ ಅದು ಮಳೆಯ ನೀರಲ್ಲ ಎಂದು ತಿಳಿಯಲು ಪತ್ರಿಕೋದ್ಯಮ ಓದಿರಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದು 150 ಪದಗಳನ್ನು ಮೀರಬಾರದು; ಉದ್ದುದ್ದ ಬರೆಯುವ ನನ್ನಂಥವನಿಗೆ ಅದೊಂದು ಒಳ್ಳೆಯ ಶಿಕ್ಷೆ. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿಯಂತೆ ಜೆರಾಕ್ಸ್ ಹಣ. ಕಾಯ್ದೆ 30 ದಿನಗಳ ಗಡುವು ಕೊಟ್ಟಿದ್ದರೂ ಮೇಲ್ಮನವಿಯ ತನಕ ಹೋಗಬೇಕಾಯಿತು. ಕೊನೆಗೆ ಕೈಗೆ ಬಂದ ಕಡತದಲ್ಲಿ ಎಂಜಿನಿಯರೊಬ್ಬರ ಟಿಪ್ಪಣಿ ಇತ್ತು: ಪಂಪು ಕೆಟ್ಟಿರುವುದರಿಂದ ಕೊಳಚೆ ನೀರನ್ನು ‘ತಾತ್ಕಾಲಿಕವಾಗಿ’ ಮಳೆನೀರಿನ ಚರಂಡಿಗೆ ತಿರುಗಿಸಲಾಗಿದೆ. ಟಿಪ್ಪಣಿಯ ಕೆಳಗಿದ್ದ ತಾರೀಖು ಎರಡು ವರ್ಷ ಹಿಂದಿನದು. ಆ ಪದದ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ‘ಎಷ್ಟು ದಿನ?’ ಎಂದು ಬರೆದುಕೊಂಡೆ. ಕಡತವನ್ನು ಆಧರಿಸಿ ಒಂದು ಬರಹವನ್ನೂ ಹಾಕಿದೆ.

ಬರಹ ಓದಿದ ಬಡಾವಣೆಯವರು ಒಂದು ಭಾನುವಾರ ಕೆರೆ ಏರಿಯ ಮೇಲೆ ಧರಣಿ ಕೂತರು. ನಾನೂ ಕೂತೆ. ಅಲ್ಲಿಗೆ ಬಂದ ವರದಿಗಾರರೊಬ್ಬರು ದಾಖಲೆಯ ಪ್ರತಿ ಕೇಳಿದಾಗ ಸಂತೋಷದಿಂದಲೇ ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿದೆ. ಕೆಲವು ದಿನಗಳಾದ ಮೇಲೆ ಸಂಬಂಧಪಟ್ಟ ಅಧಿಕಾರಿಗಳು ಸುದ್ದಿಗೋಷ್ಠಿ ಕರೆದರು. ಹಿಂದಿನ ಸಾಲಿನಲ್ಲಿ ಕೂತು, ಪಂಪು ಯಾವಾಗ ಸರಿಯಾಗುತ್ತದೆ ಎಂದು ಕೇಳಿದೆ.

‘ಯಾವ ಪೇಪರ್ ಸಾರ್ ನೀವು?’ ಎಂದರು ಅಧಿಕಾರಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯ ವರದಿಗಾರರು ತಿರುಗಿ ನೋಡದೆಯೇ, ‘ಅವ್ರು ಪ್ರೆಸ್ ಅಲ್ಲ ಸಾರ್, ಹೋರಾಟಗಾರ್ರು’ ಎಂದರು.

‘ಹಂಗಾದ್ರೆ ನಿಮ್ದೇನಿದ್ರೂ ಮನವಿ ಬರ್ದು ಟಪಾಲ್‌ಗೆ ಕೊಡಿ ಸಾರ್, ಇದು ಪ್ರೆಸ್‌ನವರಿಗೆ’ ಎಂದು ಅಧಿಕಾರಿ ಮುಂದಿನ ಪ್ರಶ್ನೆಗೆ ಹೋದರು. ಮುಂದಿನ ಪ್ರಶ್ನೆ ಬೇರೆ ವಾರ್ಡಿನ ಬೀದಿದೀಪದ ಬಗ್ಗೆ ಇತ್ತು.

ಅದೇ ವಾರ ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ಕೆರೆಯ ಸುದ್ದಿ ದೊಡ್ಡದಾಗಿ ಬಂತು. ‘ಪತ್ರಿಕೆಗೆ ಲಭ್ಯವಾಗಿರುವ ದಾಖಲೆಗಳ ಪ್ರಕಾರ’ ಎಂದು ಆರಂಭವಾಗುತ್ತಿದ್ದ ಆ ವರದಿಯ ಪಕ್ಕದಲ್ಲಿ ದಾಖಲೆಯ ಚಿತ್ರವೂ ಇತ್ತು, ಚಿತ್ರದಲ್ಲಿ ನನ್ನ ಕೆಂಪು ಗೆರೆಯೂ ಇತ್ತು. ಅಂಚನ್ನು ಕತ್ತರಿಸುವಾಗ ಪೂರ್ತಿ ಕತ್ತರಿಸಿರಲಿಲ್ಲವಾದ್ದರಿಂದ ‘ಎಷ್ಟು’ ಎಂಬ ನನ್ನ ಕೈಬರಹ ಅಚ್ಚಾಗಿತ್ತು, ‘ದಿನ’ ಹೋಗಿತ್ತು. ತಿಂಗಳೊಳಗೆ ಪಂಪು ದುರಸ್ತಿಯಾಯಿತು. ಮರುದಿನ ಅದೇ ಪುಟದಲ್ಲಿ ‘ವರದಿ ಫಲಶ್ರುತಿ’ ಎಂಬ ಪಟ್ಟಿಯಡಿ ಪಂಪಿನ ಚಿತ್ರ, ಕೊನೆಯ ಸಾಲಿನಲ್ಲಿ ‘ಕೆಲ ಹೋರಾಟಗಾರರೂ ಈ ಬಗ್ಗೆ ಆಗ್ರಹಿಸಿದ್ದರು’ ಎಂಬ ಔದಾರ್ಯ.

ಹೆಸರು ಬರಲಿಲ್ಲವೆಂಬ ಸಂಕಟ ನನಗಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಆದರೆ ನನ್ನ ತಕರಾರು ಅಲ್ಲಿಗೆ ನಿಲ್ಲುವುದಿಲ್ಲ. ಕೊಳಚೆ ನಿಲ್ಲಬೇಕೆಂದು ಬರೆದು, ನಿಲ್ಲುವ ತನಕ ಬೆನ್ನುಹತ್ತಿ, ನಿಂತ ಮೇಲೆ ಇದು ನಮ್ಮಿಂದಲೇ ಆಯಿತೆಂದು ಹೇಳಿಕೊಳ್ಳುವುದು ಹೋರಾಟವಲ್ಲದೆ ಮತ್ತೇನು? ಅಧಿಕಾರಿಗಳನ್ನು ಕಚೇರಿಗೆ ಕರೆಸಿ ಓದುಗರ ದೂರುಗಳಿಗೆ ಉತ್ತರ ಕೊಡಿಸುವ ಫೋನ್‌ಇನ್ ಕಾರ್ಯಕ್ರಮ ನಡೆಸುವ ಪತ್ರಿಕೆಗಳಿವೆ, ಸಸಿ ನೆಡುವ ಅಭಿಯಾನ ನಡೆಸುವ ಪತ್ರಿಕೆಗಳಿವೆ. ಅವೆಲ್ಲ ಇರಬೇಕು, ಇದ್ದದ್ದರಿಂದ ಎಷ್ಟೋ ಬೀದಿಗಳಿಗೆ ನೀರು ಬಂದಿದೆ. ಸಂಸ್ಥೆ ಮಾಡಿದರೆ ಅದು ಸಾಮಾಜಿಕ ಕಾಳಜಿ, ಒಬ್ಬ ವ್ಯಕ್ತಿ ಮಾಡಿದರೆ ಪಕ್ಷಪಾತ ಎಂಬ ಲೆಕ್ಕ ಮಾತ್ರ ನನಗೆ ಹತ್ತುವುದಿಲ್ಲ.

ಅದರಲ್ಲೂ ಮೈಸೂರಿನಲ್ಲಿ ನಿಂತು ಈ ಲೆಕ್ಕ ಹೇಳುವುದಕ್ಕೆ ಧೈರ್ಯ ಬೇಕು. ಈ ಊರು ತಾತಯ್ಯ ಎಂದು ಕರೆದ ಎಂ. ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು, ಅನಾಥಾಲಯ ಕಟ್ಟಿದರು, ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯಲ್ಲಿ ಸರ್ಕಾರವನ್ನು ಪ್ರಶ್ನಿಸಿದರು, ಜೊತೆಗೆ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ಯಂತಹ ಪತ್ರಿಕೆಗಳನ್ನೂ ನಡೆಸಿದರು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದವರು ಅವರು. ಅವರನ್ನು ಯಾವ ಸಾಲಿನಲ್ಲಿ ಕೂರಿಸುತ್ತೀರಿ? ಹಳೆಯ ಮಾತು ಬೇಡವೆನ್ನುವುದಾದರೆ, 1972ರಲ್ಲಿ ರಾಜಶೇಖರ ಕೋಟಿಯವರು ಧಾರವಾಡದಲ್ಲಿ ಆರಂಭಿಸಿ ಆಮೇಲೆ ಮೈಸೂರಿಗೆ ತಂದ ದಿನಪತ್ರಿಕೆಗೆ ಇಟ್ಟ ಹೆಸರೇ ‘ಆಂದೋಲನ’. ಮೈಸೂರಿಗರು ಬೆಳಿಗ್ಗೆ ಅದನ್ನು ಓದಿಕೊಂಡೇ, ಬರೆಯುವವರು ಚಳವಳಿಯಿಂದ ದೂರವಿರಬೇಕೆಂದು ನನಗೆ ಬುದ್ಧಿ ಹೇಳುತ್ತಾರೆ.

ಕಾನೂನಿಗೂ ಈ ವಿಂಗಡಣೆ ಗೊತ್ತಿಲ್ಲ. ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆಂದು ಪ್ರತ್ಯೇಕ ವಿಧಿಯಿಲ್ಲ. 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೆ ಕೊಟ್ಟಿರುವ ವಾಕ್ ಸ್ವಾತಂತ್ರ್ಯದಿಂದಲೇ ಪತ್ರಿಕೆಗಳೂ ಬದುಕುತ್ತಿವೆ. ಮಾಹಿತಿ ಹಕ್ಕು ಕಾಯ್ದೆಯ 6(2) ಪ್ರಕರಣದಂತೆ ಅರ್ಜಿದಾರ ಮಾಹಿತಿ ಯಾಕೆ ಬೇಕೆಂಬ ಕಾರಣವನ್ನೇ ಕೊಡಬೇಕಾಗಿಲ್ಲ. ವಾರ್ತಾ ಇಲಾಖೆ ಪತ್ರಕರ್ತರಿಗೆ ಕೊಡುವ ಮಾನ್ಯತಾ ಪತ್ರ ಇದ್ದರೆ ಒಂದಷ್ಟು ಸೌಲಭ್ಯ ಸಿಗುತ್ತದೆ, ನಿಜ. ಪ್ರಶ್ನೆ ಕೇಳುವ ಅರ್ಹತೆ ಆ ಕಾರ್ಡಿನಿಂದ ಬರುವುದಿಲ್ಲ.

ಹಾಗೆಂದು ಪತ್ರಿಕೆಗಳು ಏನೂ ಮಾಡುವುದಿಲ್ಲ, ನಾವೇ ಎಲ್ಲ ಎನ್ನುವ ಬ್ಲಾಗಿಗರ ಗುಂಪಿಗೆ ನಾನು ಸೇರಿದವನಲ್ಲ. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲೀಕರಣಕ್ಕೆಂದು ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದಾಗ ಮೈಸೂರಿನ ಪತ್ರಿಕೆಗಳು ಅದನ್ನು ಗಟ್ಟಿಯಾಗಿಯೇ ವರದಿ ಮಾಡಿದವು. ಜನ ಸಿಟ್ಟಾದದ್ದೂ ಬಂತು, ಕಡಿದ ಮರಗಳಿಗೆ ಶ್ರದ್ಧಾಂಜಲಿ ಸಲ್ಲಿಸಿದ್ದೂ ಬಂತು. ನನ್ನಂಥವರಿಗೆ ಉಳಿದದ್ದು 40 ಎಂಬ ಸಂಖ್ಯೆಯನ್ನು ಹಿಡಿದು ಕೂರುವ ಕೆಲಸ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಅದಕ್ಕಿಂತ ಕಡಿಮೆಯಾದರೆ ಆ ಕಟ್ಟುಪಾಡಿಲ್ಲ. ಹಾಗಿದ್ದ ಮೇಲೆ ಮೂವತ್ತು, ನಲವತ್ತರ ಲೆಕ್ಕದಲ್ಲಿ ಒಂದೊಂದೇ ರಸ್ತೆಯನ್ನು ಬೋಳಿಸುತ್ತ ಹೋದರೆ ಊರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ದಿನಕ್ಕೆ ನಾಲ್ಕು ಕಾರ್ಯಕ್ರಮಗಳಿಗೆ ಓಡುವ ವರದಿಗಾರನಿಗೆ ಇದನ್ನು ಬಿಡಿಸಿ ಬರೆಯಲು ಪುರುಸೊತ್ತಿಲ್ಲ, ಪುಟದಲ್ಲಿ ಜಾಗವೂ ಇಲ್ಲ. ನನಗೆ ಎರಡೂ ಇವೆ. ಈ ಹಂಚಿಕೆಯಲ್ಲಿ ಜಗಳ ಎಲ್ಲಿದೆ?

ಜಗಳವಿರುವುದು ಯಾರು ತಟಸ್ಥರು ಎಂಬಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ದಿನಕ್ಕೆ 5,000 ಕ್ಯುಸೆಕ್‌ನಂತೆ ಕಾವೇರಿ ನೀರು ಬಿಡಬೇಕೆಂಬ ಆದೇಶದ ವಿರುದ್ಧ ಮಂಡ್ಯ ಹೊತ್ತಿಕೊಂಡಿತ್ತು. 23ರಂದು ಬಂದ್ ಆಯಿತು. ಆ ದಿನಗಳಲ್ಲಿ ಒಮ್ಮೆ ನಾನು ವಿಶ್ವೇಶ್ವರಯ್ಯ ಪ್ರತಿಮೆಯ ಎದುರಿನ ಧರಣಿ ನೋಡಲು ಹೋಗಿದ್ದೆ. ರೈತರು ಘೋಷಣೆ ಕೂಗಿ ದಣಿದು, ನೆರಳಿನಲ್ಲಿ ನೀರು ಕುಡಿಯುತ್ತಿದ್ದಾಗ ಬೆಂಗಳೂರಿನಿಂದ ಬಂದ ವಾಹಿನಿಯೊಂದರ ಹುಡುಗ ಮೈಕು ಹಿಡಿದು ಓಡಿ ಬಂದ. ‘ಅಣ್ಣ, ಲೈವ್ ಬರ್ತಾ ಇದೆ, ಇನ್ನೊಂದ್ಸಲ ಕೂಗಿ, ಸ್ವಲ್ಪ ಜೋರಾಗಿ’ ಎಂದ. ಎಲ್ಲರೂ ಎದ್ದರು, ಕೂಗಿದರು, ಒಬ್ಬರು ಹಸಿರು ಶಾಲನ್ನೂ ಬೀಸಿದರು. ‘ರೊಚ್ಚಿಗೆದ್ದ ಅನ್ನದಾತ’ ಎಂದು ಪರದೆಯ ಮೇಲೆ ಅಕ್ಷರಗಳು ಓಡಿದವು. ಲೈವ್ ಮುಗಿದ ಕೂಡಲೇ ಅನ್ನದಾತರು ಕೂತು ನೀರು ಕುಡಿಯುವುದನ್ನು ಮುಂದುವರಿಸಿದರು. ಆ ದಿನ ಧರಣಿಯಲ್ಲಿ ಹೆಚ್ಚು ಪಾಲ್ಗೊಂಡವರು ಸುಮ್ಮನೆ ನೋಡುತ್ತಿದ್ದ ನಾನೋ, ಕೂಗಿಸಿದ ಆ ಹುಡುಗನೋ? ಅವನನ್ನು ಯಾರೂ ಹೋರಾಟಗಾರ ಎಂದು ಕರೆದು ಹಿಂದಿನ ಸಾಲಿಗೆ ಕಳುಹಿಸುವುದಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸುದ್ದಿ ಕಳುಹಿಸದಿದ್ದರೆ ಅವನಿಗೆ ಫೋನಿನಲ್ಲಿ ಬೈಗುಳ ಬರುತ್ತಿತ್ತು. ತಾಲ್ಲೂಕು ಕೇಂದ್ರಗಳಲ್ಲಿ ಗೌರವಧನದ ಹೆಸರಿನಲ್ಲಿ ಪುಡಿಗಾಸು ಪಡೆದು, ಸುದ್ದಿಯ ಜೊತೆಗೆ ಜಾಹೀರಾತನ್ನೂ ತರಬೇಕಾದ ಪತ್ರಕರ್ತರನ್ನು ನಾನು ಬಲ್ಲೆ. ಸಂಜೆ ಹೊತ್ತಿಗೆ ಅರ್ಧ ಪುಟದ ಜಾಹೀರಾತು ಬಂದರೆ ಅವರು ಬಿಸಿಲಲ್ಲಿ ನಿಂತು ಬರೆದದ್ದು ಮೂರು ಸಾಲಿಗೆ ಇಳಿಯುತ್ತದೆ. ಇದನ್ನೆಲ್ಲ ಬಲ್ಲ ಪತ್ರಕರ್ತರೇ ನನ್ನ ಧರಣಿಯ ಬಗ್ಗೆ ಕೇಳುವಾಗ ಮಾತ್ರ ನನಗೆ ನಗು ಬರುತ್ತದೆ. ನಾನು ಯಾರ ಪಕ್ಕ ಕೂತಿದ್ದೆ ಎಂಬುದು ಬರಹದ ಮೊದಲ ಸಾಲಿನಲ್ಲೇ ಇರುತ್ತದೆ. ಪುಟದ ಕೆಳಗಿನ ಜಾಹೀರಾತಿಗಾಗಿ ಮೇಲಿನ ಯಾವ ಸುದ್ದಿ ಕರಗಿತು ಎಂಬುದು ಯಾವ ಸಾಲಿನಲ್ಲೂ ಇರುವುದಿಲ್ಲ.

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರಾದರೂ ಕೇಳಬೇಕಾಗಿದ್ದ, ಕೇಳಿದ್ದರೆ ನಾನು ನಿಜಕ್ಕೂ ತಡವರಿಸುತ್ತಿದ್ದ ಪ್ರಶ್ನೆ ಬೇರೆಯೇ ಇದೆ: ನೀವು ಬರೆದದ್ದನ್ನು ಪ್ರಕಟವಾಗುವ ಮೊದಲು ಯಾರು ನೋಡುತ್ತಾರೆ? ಪತ್ರಿಕೆಯಲ್ಲಿ ಉಪಸಂಪಾದಕರಿದ್ದಾರೆ, ಅವರ ಮೇಲೆ ಸುದ್ದಿ ಸಂಪಾದಕರಿದ್ದಾರೆ, ಅನುಮಾನ ಬಂದರೆ ವಕೀಲರಿಗೂ ತೋರಿಸುತ್ತಾರೆ. ಅನ್ಯಾಯವಾಯಿತೆನ್ನುವ ಓದುಗ ಪ್ರೆಸ್ ಕೌನ್ಸಿಲ್‌ಗೆ ದೂರಬಹುದು. 1978ರ ಕಾಯ್ದೆಯಡಿ ಕೆಲಸ ಮಾಡುವ ಆ ಮಂಡಳಿಗೆ ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರವಿದೆಯೇ ಹೊರತು ದಂಡ ಹಾಕುವ ಅಧಿಕಾರವಿಲ್ಲ, ನಿಜ. ಆದರೂ ಹೋಗಿ ತಟ್ಟಲು ಒಂದು ಬಾಗಿಲಾದರೂ ಇದೆ. ನನ್ನ ಬರಹಕ್ಕೆ ಆ ಬಾಗಿಲಿಲ್ಲ. ನ್ಯಾಯಾಲಯವಿದೆ: ಮಾನಹಾನಿಯ ಕಲಮು ಸಂಪಾದಕರಿಗೂ ನನಗೂ ಒಂದೇ, ಎರಡು ವರ್ಷದ ತನಕ ಸಜೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡುವ ತನಕ ‘ಕಿರಿಕಿರಿ ಉಂಟುಮಾಡುವ’ ಬರಹಕ್ಕೂ ಜೈಲು ಕಾಣಬಹುದಾಗಿತ್ತು. ಜೈಲಿನ ಭಯ ಬರಹಗಾರನನ್ನು ಸುಮ್ಮನಾಗಿಸುತ್ತದೆ. ಬರಹದಲ್ಲಿರುವ ತಪ್ಪನ್ನು ಅದು ತಿದ್ದುವುದಿಲ್ಲ.

ಹಾಗಾಗಿ ಕೆಲವು ಕಟ್ಟಳೆಗಳನ್ನು ನನಗೆ ನಾನೇ ಹಾಕಿಕೊಂಡಿದ್ದೇನೆ. ಮೈಕು ಹಿಡಿದು ಭಾಷಣ ಮಾಡಿದ ಸಭೆಯ ವರದಿಯನ್ನು ನಾನು ಬರೆಯುವುದಿಲ್ಲ. ಯಾರ ವಿರುದ್ಧ ಬರೆಯುತ್ತೇನೋ ಅವರಿಗೆ ಪ್ರಶ್ನೆಗಳನ್ನು ಮೊದಲೇ ಕಳುಹಿಸಿ, ಉತ್ತರ ಬಾರದಿದ್ದರೆ ಬರಲಿಲ್ಲವೆಂದು ನಮೂದಿಸುತ್ತೇನೆ. ದಾಖಲೆ ಸಿಕ್ಕರೆ ಕಡತವನ್ನು ಪೂರ್ತಿಯಾಗಿ ಹಾಕುತ್ತೇನೆ, ನನಗೆ ಬೇಕಾದ ಪುಟವನ್ನಷ್ಟೇ ಆರಿಸಿ ಹಾಕುವುದಿಲ್ಲ. ಈ ಕೊನೆಯ ಕಟ್ಟಳೆ ದುಬಾರಿಯಾದದ್ದು. ಕೆರೆಯ ಆ ಕಡತದಲ್ಲಿ ಇನ್ನೊಂದು ಪುಟವೂ ಇತ್ತು: ಪಂಪು ಕೆಡುವುದಕ್ಕೆ ಮೊದಲೇ ನಮ್ಮ ಬಡಾವಣೆಯ ಹಲವು ಮನೆಗಳವರು ಶೌಚದ ಪೈಪುಗಳನ್ನು ನೇರವಾಗಿ ಮಳೆನೀರಿನ ಚರಂಡಿಗೆ ಜೋಡಿಸಿಕೊಂಡಿದ್ದಾರೆ ಎಂಬ ಪಟ್ಟಿ. ಪತ್ರಿಕೆಗೆ ಲಭ್ಯವಾದ ದಾಖಲೆಗಳಲ್ಲಿ ಅದೂ ಸೇರಿತ್ತಾದರೂ ವರದಿಯಲ್ಲಿ ಅದರ ಸುಳಿವಿರಲಿಲ್ಲ. ನಾನು ಮನೆ ಸಂಖ್ಯೆಗಳನ್ನು ಅಳಿಸಿ ಪುಟವನ್ನು ಹಾಕಿದೆ. ಅಳಿಸಿದ್ದರೂ ಬೀದಿಗೆ ಬೀದಿಯೇ ಗುರುತಿಸಿಕೊಂಡಿತು. ಏರಿಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದವರಲ್ಲಿ ಇಬ್ಬರು ನನ್ನೊಡನೆ ಮಾತು ಬಿಟ್ಟರು. ಅವರಲ್ಲಿ ಒಬ್ಬರು ಆಮೇಲೆ ರಸ್ತೆ ಅಗೆಸಿ ಪೈಪನ್ನು ಒಳಚರಂಡಿಗೆ ಸೇರಿಸಿಕೊಂಡಿದ್ದಾರೆ. ಮಾತು ಮಾತ್ರ ಇನ್ನೂ ಶುರುವಾಗಿಲ್ಲ.