ಆಗುಂಬೆಯಲ್ಲಿ ಹೊಳವು ಕಾಯುತ್ತಾ ಮೂರು ದಿನ

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಗಿನ ಐದೂವರೆ. ಮೊಬೈಲಿನಲ್ಲಿ ಶಿವಮೊಗ್ಗ ಜಿಲ್ಲೆಗೆ ಆರೆಂಜ್ ಅಲರ್ಟ್, ಅಂದರೆ ಅತಿ ಭಾರಿ ಮಳೆಯ ಎಚ್ಚರಿಕೆ, ಅಂತ ಸಂದೇಶ ಬಂದು ಕೂತಿತ್ತು. ತಲೆ ಮೇಲೆ ಮಾತ್ರ ಒಂದು ಹನಿ ಇಲ್ಲ. ಟೀ ಅಂಗಡಿಯವರಿಗೆ ತೋರಿಸಿದೆ. "ಇಲ್ಲಿ ನಿಂತು ಯಾಕೆ ನೋಡ್ತೀರಿ, ಮೇಗರವಳ್ಳಿ ದಾಟಿ ಆಮೇಲೆ ಹೇಳಿ" ಅಂದರು. ಸರಿಯಾಗಿಯೇ ಹೇಳಿದ್ದರು. ಮೇಗರವಳ್ಳಿ ದಾಟುತ್ತಿದ್ದಂತೆ ಶುರುವಾದ ಬಸ್ಸಿನ ವೈಪರ್ ನಾನು ಇಳಿಯುವವರೆಗೂ ನಿಲ್ಲಲಿಲ್ಲ.

ಇದು 2025ರ ಜುಲೈ. ಪುನರ್ವಸು ಮಳೆ ನಡೆಯುತ್ತಿತ್ತು. ಆಗುಂಬೆ ಹತ್ತಿರ ಗೆಳೆಯನ ದೊಡ್ಡಪ್ಪನ ಅಡಿಕೆ ತೋಟ ಇದೆ. ಅವನಂತೆ ನಾನೂ ಅವರನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಮಳೆ ನೋಡಬೇಕು, ಹಲಸಿನ ಹಪ್ಪಳ ತಿನ್ನಬೇಕು, ಬಚ್ಚಲೊಲೆ ಮುಂದೆ ಕೂರಬೇಕು, ಇಷ್ಟೇ ನನ್ನ ಪ್ಲಾನು. ಮನೆಯಲ್ಲಿ ನೋಡಿದರೆ ಮಳೆ ನೋಡುವ ಉತ್ಸಾಹ ಯಾರಿಗೂ ಇರಲಿಲ್ಲ.

"ಮಳೆ ಬರ್ತದೆ ಅಂತ ಹೇಳೋಕೆ ಟಿವಿ ಯಾಕೆ ಮಾರಾಯ? ಆಗುಂಬೇಲಿ ಜುಲೈ ತಿಂಗಳು ಅಂದ್ರೆ ಮಳೆಯೇ. ಯಾವಾಗ ಬಿಡ್ತದೆ ಅಂತ ಹೇಳ್ಲಿ ನೋಡುವ" ಅಂದರು ದೊಡ್ಡಪ್ಪ.

ಮಳೆ ಬಿಟ್ಟು ಆಕಾಶ ಸ್ವಲ್ಪ ತೆರೆದುಕೊಳ್ಳುವುದಕ್ಕೆ ಇಲ್ಲಿ ಹೊಳವು ಅಂತಾರೆ. ಅವರಿಗೆ ಬೇಕಾಗಿದ್ದು ಒಂದು ದಿನದ ಹೊಳವು. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ, ಹೊಡೆಯಬೇಕು. ಇಲ್ಲದಿದ್ದರೆ ಕೊಳೆ ರೋಗ ಬಂದು ಹಸಿರು ಕಾಯಿ ಪಟಪಟ ಉದುರುತ್ತದೆ. ಮಾಮೂಲಿಯಾಗಿ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು ಸುಮಾರು ನಲವತ್ತು ದಿನ ಬಿಟ್ಟು. ಈ ಸಲ ಮೊದಲನೆಯದೇ ಎಡವಟ್ಟಾಗಿತ್ತು. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಿದ್ದ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತು. 2009ರ ನಂತರ ಇಷ್ಟು ಬೇಗ ಬಂದಿದ್ದು ಇದೇ ಮೊದಲು. ಎರಡೇ ದಿನದಲ್ಲಿ ಮುಂಬೈಯನ್ನೂ ಮುಟ್ಟಿತ್ತು. ಕೇರಳಕ್ಕೆ ಬಂದ ದಿನ ಪಂಚಾಂಗದಲ್ಲಿ ಇನ್ನೂ ಕೃತ್ತಿಕೆಯೇ ಮುಗಿದಿರಲಿಲ್ಲ.

ನಕ್ಷತ್ರದ ಮಳೆ ಅಂದರೆ ಸೂರ್ಯನ ಲೆಕ್ಕ. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ. ವರ್ಷ ವರ್ಷವೂ ಹೆಚ್ಚುಕಮ್ಮಿ ಅದೇ ತಾರೀಖು. ಮೋಡ ಆ ತಾರೀಖು ಕೇಳಬೇಕಲ್ಲ! "ಆರಿದ್ರಾ ಮಳೆ ಹೊಯ್ದ್ರೆ ದರಿದ್ರ ಹೋಗ್ತದೆ ಅಂತಿದ್ರು. ಈಗ ಆರಿದ್ರಾ ಯಾವುದು, ಮೃಗಶಿರ ಯಾವುದು ಗೊತ್ತೇ ಆಗಲ್ಲ" ಅಂತ ದೊಡ್ಡಮ್ಮ ಒಲೆ ಮುಂದಿನಿಂದಲೇ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ದೊಡ್ಡಪ್ಪ ಛತ್ರಿ ಹಿಡಿದು ಅಂಗಳಕ್ಕೆ ಇಳಿದರು. ದೇಶದ ಎಲ್ಲ ಹವಾಮಾನ ಕೇಂದ್ರಗಳಲ್ಲಿ ಹಿಂದಿನ 24 ಗಂಟೆಯ ಮಳೆ ಅಳೆಯುವ ಹೊತ್ತು ಅದೇ. ಇವರದೂ ಅದೇ ಶಿಸ್ತು. ಅಂಗಳದ ತುದಿಯಲ್ಲಿ ಮಳೆಮಾಪಕ. ಮೇಲೆ ಆಲಿಕೆ, ಒಳಗೆ ಬಾಟಲಿ, ಅಷ್ಟೇ. ಬಾಟಲಿ ನೀರನ್ನು 20 ಮಿ.ಮೀ. ಹಿಡಿಯುವ ಅಳತೆ ಗಾಜಿಗೆ ಸುರಿದರು. ತುಂಬಿತು, ಚೆಲ್ಲಿದರು. ಮತ್ತೆ ತುಂಬಿತು. ಹೀಗೇ ಆರು ಸಲ. ಏಳನೆಯದು 18ಕ್ಕೆ ನಿಂತಿತು. 138. ಹವಾಮಾನ ಇಲಾಖೆ ಲೆಕ್ಕದಲ್ಲಿ 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆ. ಮುನ್ಸೂಚನೆ ಈ ಅಂಗಳದ ಮಟ್ಟಿಗೆ ಸರಿಯಾಗಿತ್ತು. ತೀರ್ಥಹಳ್ಳಿಯ ಟೀ ಅಂಗಡಿ ಮಟ್ಟಿಗೆ ಏನಾಯಿತೋ, ದೇವರಿಗೇ ಗೊತ್ತು.

ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ ನೋಡಿ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,500 ಮಿ.ಮೀ. ಮೇಲೆ ಬೀಳುತ್ತದೆ. ಮೂವತ್ತು ಚಿಲ್ಲರೆ ಕಿ.ಮೀ. ದೂರದ ತೀರ್ಥಹಳ್ಳಿಗೆ ಅದರ ಅರ್ಧವೂ ಇಲ್ಲ. ಶಿಕಾರಿಪುರದ ಕಡೆ ಹೋದರೆ ಇನ್ನೂ ಎಷ್ಟೋ ಕಡಿಮೆ. ಅರಬ್ಬಿ ಸಮುದ್ರದ ಗಾಳಿ ಬಂದು ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು, ಎಲ್ಲವನ್ನೂ ಇಲ್ಲೇ ಇಳಿಸಿ ಹಗುರಾಗಿ ಮುಂದೆ ಹೋಗುತ್ತದೆ. ಮುನ್ಸೂಚನೆಯ ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವುದು. ಮೊದಲು 12 ಕಿ.ಮೀ. ಚೌಕ ಇತ್ತು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿ.ಮೀ.ಗೆ ಇಳಿಯಿತು. ಪುಣೆಯ ಸೂಪರ್‌ಕಂಪ್ಯೂಟರ್‌ನಲ್ಲಿ ಅದು ಓಡುತ್ತದೆ. ನಾನು ಇದನ್ನು ಜಂಬದಿಂದ ಹೇಳಿದೆ. "ಆರು ಕಿಲೋಮೀಟರಲ್ಲಿ ನಮ್ಮ ಗುಡ್ಡ, ಆಚೆ ಗುಡ್ಡ, ನಡುವಿನ ಹಳ್ಳ ಎಲ್ಲ ಬಂತಲ್ಲ" ಅಂದರು ದೊಡ್ಡಪ್ಪ.

ಮಧ್ಯಾಹ್ನ ಅವರ ಮಳೆ ಪುಸ್ತಕ ನೋಡಿದೆ. ಹಳೇ ಲೆಕ್ಕದ ಪುಸ್ತಕ, ಬೆನ್ನಿಗೆ ಪ್ಲಾಸ್ಟಿಕ್ ಅಂಟಿಸಿದ್ದಾರೆ. 2023ರ ಆಗಸ್ಟ್ ಪುಟದಲ್ಲಿ ಸಾಲಾಗಿ "ಇಲ್ಲ, ಇಲ್ಲ, ಇಲ್ಲ". ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದು ಆ ವರ್ಷವೇ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು 7% ಜಾಸ್ತಿ ನೀರಾವಿ ಹಿಡಿಯುತ್ತದೆ. ಹಾಗಾಗಿ ಸುರಿದರೆ ಒಂದೇ ಸಮನೆ ಸುರಿಯುವ ದಿನಗಳು ಹೆಚ್ಚುತ್ತಿವೆ, ನಡುವೆ ಉದ್ದುದ್ದ ಬಿಡುವು. ದೊಡ್ಡಪ್ಪನ ಭಾಷೆಯಲ್ಲಿ ಇದೆಲ್ಲ ಒಂದೇ ಮಾತು: "ಮಳೆಗೆ ಹದ ತಪ್ಪಿದೆ".

ಸಂಜೆ ಸೂರ್ಯಾಸ್ತ ನೋಡುವ ಕಟ್ಟೆಗೆ ಸುಮ್ನೆ ಹೋಗಿಬಂದೆ. ಆಕಾಶ ಚೆನ್ನಾಗಿದ್ದರೆ ಸಮುದ್ರ ಕಾಣುತ್ತದಂತೆ. ನನಗೆ ನನ್ನ ಛತ್ರಿಯ ತುದಿಯೇ ಕಾಣಲಿಲ್ಲ. ಬದಲಿಗೆ ಒಂದು ಇಂಬಳ (ಜಿಗಣೆ) ಕಾಲಿಗೆ ಹತ್ತಿಕೊಂಡು ಮನೆಯವರೆಗೂ ಬಂತು.

ಮೂರನೇ ದಿನ ಬೆಳಿಗ್ಗೆ ಎಚ್ಚರ ಆಗಿದ್ದು ಸದ್ದಿಲ್ಲ ಅಂತ. ಹೆಂಚಿನ ಮೇಲಿನ ಸದ್ದು ನಿಂತಿತ್ತು. ಹೊಳವು! ಯಾವ ಆ್ಯಪೂ ಇದನ್ನು ಹೇಳಿರಲಿಲ್ಲ. ಕೊಟ್ಟಿಗೆ ಪಕ್ಕ ಆಗಲೇ ಡ್ರಮ್ಮುಗಳು ಬಂದಿದ್ದವು. ಒಂದರಲ್ಲಿ ಒಂದು ಕೆಜಿ ಮೈಲುತುತ್ತ ಕರಗಿದ ನೀಲಿ ನೀರು, ಇನ್ನೊಂದರಲ್ಲಿ ಒಂದು ಕೆಜಿ ಸುಣ್ಣದ ತಿಳಿ, ಎರಡೂ ಸೇರಿ ನೂರು ಲೀಟರ್. ನೀಲಿಯನ್ನು ಸುಣ್ಣಕ್ಕೆ ಸುರಿದು ಕಲಕಿದರು. ದೊಡ್ಡಪ್ಪ ತಿಕ್ಕಿ ಬೆಳಗಿದ ಚಾಕುವನ್ನು ಅದ್ದಿ ಎತ್ತಿ ಬೆಳಕಿಗೆ ಹಿಡಿದರು. ಅಲಗಿನ ಮೇಲೆ ತೆಳ್ಳಗೆ ತಾಮ್ರದ ಕೆಂಪು. "ಸುಣ್ಣ ಸಾಲ್ದು" ಅಂದು ಇನ್ನೊಂದು ಬೊಗಸೆ ಹಾಕಿಸಿದರು. ಮತ್ತೆ ಅದ್ದಿದರು. ಈ ಸಲ ಚಾಕು ಹಾಗೇ ಬೆಳ್ಳಗೆ ಇತ್ತು.

ಮರ ಹತ್ತುವವನು ಮೇಲಿಂದ ಕೂಗಿದ: "ಅಯ್ಯಾ, ಎಷ್ಟು ಹೊತ್ತು ಸಿಗಬಹುದು?"

ದೊಡ್ಡಪ್ಪ ಪಡುವಣ ಕಡೆ ನೋಡಿದರು. ನಾನು ಮೊಬೈಲ್ ನೋಡಿದೆ. ನೆಟ್‌ವರ್ಕ್ ಇರಲಿಲ್ಲ.

"ಹೊಡೀತಾ ಇರು" ಅಂದರು.

ನನ್ನ ಬಸ್ಸು ಹನ್ನೊಂದಕ್ಕೆ. ಗೇಟು ದಾಟುವಾಗ ತೋಟದ ಮೂರನೇ ಸಾಲು ನಡೆಯುತ್ತಿತ್ತು, ಗುಡ್ಡದ ಹಿಂದೆ ಮೋಡ ಕಟ್ಟುತ್ತಿತ್ತು.