‘ಜೆಫ್ ಬೆಕ್ ಸರಿ, ಆ ಬೇಸ್‌ನವರ ಮಾತು ಯಾಕೆ?’

ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ‘ಊಟ ಆಯ್ತಾ’ ಅನ್ನೋದು. ಎರಡನೆಯದು ಇದು: “ಜೆಫ್ ಬೆಕ್ ಅಂದ್ರೆ ಪ್ರಾಣ ಬಿಡ್ತೀಯ, ಒಪ್ಪಿದೆ. ಆದರೆ ಅವನ ಮಾತು ತೆಗೆದ ಐದೇ ನಿಮಿಷಕ್ಕೆ ಪಕ್ಕದಲ್ಲಿ ಬೇಸ್ ಹಿಡಿದು ನಿಂತವರನ್ನು ಹೊಗಳೋಕೆ ಶುರು ಮಾಡ್ತೀಯ. ಯಾಕೆ? ಆ ಬೇಸ್ ನಮಗೆ ಕೇಳಿಸೋದೇ ಇಲ್ಲವಲ್ಲ!”

ಜೆಫ್ ಬೆಕ್ ಅಂದರೆ ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ. ಬೇಸ್ ಅಂದರೆ ಗಿಟಾರಿನಂಥದೇ, ಆದರೆ ತಗ್ಗಿನ ಸ್ವರ ನುಡಿಸುವ ವಾದ್ಯ. ಆಫೀಸಿನ ಗೆಳೆಯರು ಕೇಳಿದ್ದಾರೆ, ಭಾವ ಕೇಳಿದ್ದಾರೆ, ಗಿಟಾರ್ ಕಲಿಯುತ್ತಿರುವ ಅವರ ಮಗ ಎರಡು ಸಲ ಕೇಳಿದ್ದಾನೆ. ಪ್ರತಿ ಸಲವೂ ಬೇರೆ ಬೇರೆ ಉತ್ತರ ಕೊಟ್ಟು ಜಾರಿಕೊಂಡಿದ್ದೇನೆ. ಈ ಸಲ ಕೂತು ಬರೆದೇಬಿಡೋಣ ಅನ್ನಿಸಿತು.

ಮೊದಲು ‘ಕೇಳಿಸೋದೇ ಇಲ್ಲ’ ಅನ್ನುವ ದೂರಿಗೆ. ವಾಟ್ಸ್ಯಾಪಿನಲ್ಲಿ ಕಳಿಸಿದ ವಿಡಿಯೋವನ್ನು ಫೋನಿನ ಸ್ಪೀಕರಿನಲ್ಲೇ ಹಾಕಿಕೊಂಡು, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುವಾಗ ಕೇಳಿದರೆ ಬೇಸ್ ಕೇಳಿಸುವುದಿಲ್ಲ, ನಿಜ. ಗಿಟಾರಿನ ಅತಿ ದಪ್ಪ ತಂತಿಯನ್ನು ಖಾಲಿ ಮೀಟಿದರೆ ಸೆಕೆಂಡಿಗೆ ಸುಮಾರು 82 ಕಂಪನ. ನಾಲ್ಕು ತಂತಿಯ ಬೇಸಿನ ದಪ್ಪ ತಂತಿ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಸುಮಾರು 41. ಬೆರಳುಗುರಿನಷ್ಟು ಅಗಲದ ಸ್ಪೀಕರು ಅಷ್ಟು ತಗ್ಗಿನ ನಾದವನ್ನು ಎಬ್ಬಿಸಲಾರದು. ನೂರು ರೂಪಾಯಿಯ ಇಯರ್‌ಫೋನ್ ಸಿಕ್ಕಿಸಿಕೊಂಡರೂ ಸಾಕು, ಪ್ರಶ್ನೆಯ ಅರ್ಧ ಅಲ್ಲೇ ಕರಗುತ್ತದೆ.

ಉಳಿದರ್ಧಕ್ಕೆ ಬೆಕ್‌ನಿಂದಲೇ ಶುರು ಮಾಡಬೇಕು. 1944ರಲ್ಲಿ ಲಂಡನ್ನಿನ ದಕ್ಷಿಣದ ವಾಲಿಂಗ್ಟನ್‌ನಲ್ಲಿ ಹುಟ್ಟಿದವನು. 1965ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಬಿಟ್ಟುಹೋದ ಜಾಗಕ್ಕೆ ‘ಯಾರ್ಡ್‌ಬರ್ಡ್ಸ್’ ತಂಡ ಸೇರಿದ. ಒಂದು ಹಾಡನ್ನು ತಾನೇ ಹಾಡಿದ್ದ, ಅದು ಇಂಗ್ಲೆಂಡಿನಲ್ಲಿ ಗೆದ್ದಿತು ಕೂಡ. ಆಮೇಲೆ ಅದರ ಮಾತೆತ್ತಿದರೆ ಮುಖ ಸಿಂಡರಿಸುತ್ತಿದ್ದ. ಎಪ್ಪತ್ತರ ದಶಕದ ನಡುವಿನಿಂದ ಅವನ ಕಛೇರಿಯಲ್ಲಿ ಹೆಚ್ಚಾಗಿ ಹಾಡುಗಾರನೇ ಇಲ್ಲ. ಹಾಡುವ ಕೆಲಸ ಗಿಟಾರಿನದು.

ನಮ್ಮ ಮನೆಯಲ್ಲಿ ಅವನಿಗೆ ‘ಬೆಕ್ಕು’ ಅಂತಲೇ ಹೆಸರು. ಇಟ್ಟವರು ನನ್ನ ಸೋದರತ್ತೆ, ನಲವತ್ತು ವರ್ಷ ಮಕ್ಕಳಿಗೆ ಸಂಗೀತದ ಸರಳೆ-ಜಂಟಿ ಹೇಳಿಕೊಟ್ಟವರು. ಒಮ್ಮೆ ಅವರಿಗೆ ‘ನಾದಿಯಾ’ ಕೇಳಿಸಿದೆ. ಅದು ಬ್ರಿಟನ್ನಿನ ನಿತಿನ್ ಸಾಹನಿಯ ರಚನೆ. ಮೂಲದಲ್ಲಿ ಸ್ವಾತಿ ನಾಟೇಕರ್ ಹಿಂದುಸ್ತಾನಿ ಶೈಲಿಯಲ್ಲಿ ಹಾಡಿದ್ದನ್ನು ಬೆಕ್ 2001ರ ಆಲ್ಬಮ್ಮಿನಲ್ಲಿ ಗಿಟಾರಿಗೆ ಇಳಿಸಿಕೊಂಡ. ಅತ್ತೆ ಕಣ್ಣು ಮುಚ್ಚಿ ಕೇಳಿದರು. “ಮೊದಲು ಶ್ರುತಿ ತಪ್ಪಿದ ಅಂದ್ಕೊಂಡೆ ಕಣೋ. ಇಲ್ಲ, ಬೇಕಂತಲೇ ಎಳೀತಿದ್ದಾನೆ. ಎಲ್ಲಿಗೆ ಬಂದು ನಿಲ್ಲಬೇಕು ಅಂತ ಗೊತ್ತಿದೆ ನಿನ್ನ ಬೆಕ್ಕಿಗೆ.”

ಆ ಎಳೆತ ಹೇಗೆ ಅಂತ ನೋಡಬೇಕಾದರೆ ಅವನ ಬಲಗೈಯನ್ನು ನೋಡಬೇಕು. ಗಿಟಾರ್ ಕಲಿಯುವ ಹುಡುಗರು ಎಡಗೈ ನೋಡುತ್ತಾರೆ, ಅಲ್ಲೇ ಎಡವುತ್ತಾರೆ. ಎಂಬತ್ತರ ದಶಕದ ಹೊತ್ತಿಗೆ ಬೆಕ್ ಪಿಕ್ ಎಂಬ ಮೀಟುವ ಬಿಲ್ಲೆಯನ್ನು ಬಿಟ್ಟು ಹೆಬ್ಬೆರಳಿನಿಂದಲೇ ಮೀಟತೊಡಗಿದ್ದ. ಕಿರುಬೆರಳು ವಾಲ್ಯೂಮ್ ಗುಬುಟಿನ ಮೇಲೆ. ತಂತಿ ಮೀಟುವ ಕ್ಷಣದಲ್ಲಿ ದನಿ ಸೊನ್ನೆಯಲ್ಲಿರುತ್ತದೆ, ಮೀಟಿದ ಮೇಲೆ ಕಿರುಬೆರಳು ಗುಬುಟನ್ನು ಮೆಲ್ಲಗೆ ತಿರುಗಿಸುತ್ತದೆ. ಮೀಟಿದ ಪೆಟ್ಟು ಮಾಯವಾಗಿ ನಾದ ಮಾತ್ರ ಉಸಿರಿನಂತೆ ಮೇಲೇಳುತ್ತದೆ. ಅಂಗೈಯೊಳಗೆ ವ್ಯಾಮಿ ಬಾರ್ ಎಂಬ ಲೋಹದ ಕಡ್ಡಿ. ಅದನ್ನು ಒತ್ತಿದರೆ ಎಲ್ಲ ತಂತಿಗಳೂ ಸಡಿಲವಾಗಿ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ವೀಣೆಯವರು ತಂತಿಯನ್ನು ಪಕ್ಕಕ್ಕೆ ಎಳೆದು ಪಡೆಯುವ ಗಮಕವನ್ನು ಈತ ಕಡ್ಡಿ ಅಲುಗಿಸಿ ಪಡೆಯುತ್ತಿದ್ದ. ಮನೆಯಲ್ಲಿ ನಾನೂ ಮಾಡಿ ನೋಡಿದ್ದೇನೆ. ನನ್ನದು ಆಂಬುಲೆನ್ಸ್ ಹೋದ ಹಾಗೆ ಕೇಳಿಸುತ್ತದೆ.

ಸ್ವರವನ್ನು ಹೀಗೆ ಎಲ್ಲೆಂದರಲ್ಲಿಗೆ ಎಳೆಯುವವನಿಗೆ ಕಾಲಿನಡಿ ನೆಲ ಗಟ್ಟಿಯಿರಬೇಕು. ಆ ನೆಲವೇ ಬೇಸ್.

ಆದರೆ ‘ಬೇಸ್ ಅಂದರೆ ನಮ್ಮ ತಂಬೂರಿ ಇದ್ದ ಹಾಗೆ’ ಅಂತ ವಿವರಿಸುವವರನ್ನು ಕಂಡರೆ ನನಗೆ ತಕರಾರಿದೆ. ತಂಬೂರಿ ಅಲುಗುವುದಿಲ್ಲ, ಬೇಸ್ ಅಲುಗುತ್ತದೆ. ಗಿಟಾರ್ ಒಂದೇ ಒಂದು ಸ್ವರವನ್ನು ಹಿಡಿದು ನಿಂತಿದೆ ಅಂದುಕೊಳ್ಳಿ. ಕೆಳಗೆ ಬೇಸ್ ಅದೇ ಸ್ವರ ನುಡಿಸಿದರೆ ಅದು ಷಡ್ಜ. ಬೇಸ್ ಜಾಗ ಬದಲಿಸಿದರೆ ಮೇಲಿನ ಅದೇ ಸ್ವರ ಪಂಚಮವಾಗುತ್ತದೆ, ಇನ್ನೊಮ್ಮೆ ಬದಲಿಸಿದರೆ ಗಾಂಧಾರ. ಮೇಲಿನವನು ಬೆರಳೂ ಅಲುಗಿಸಿಲ್ಲ, ಆದರೂ ಕೇಳುವವರಿಗೆ ಮೋಡ ಸರಿದು ಬಿಸಿಲು ಬಂದಂತಾಗುತ್ತದೆ. ಷಡ್ಜದ ಜಾಗ ಬದಲಿಸಿ ಅದೇ ಸ್ವರಗಳಿಂದ ಬೇರೆ ರಾಗ ಹೊರಡಿಸುವ ಗ್ರಹಭೇದ ಗೊತ್ತಿರುವವರಿಗೆ ಇದು ಚಟ್ಟನೆ ಅರ್ಥವಾಗುತ್ತದೆ. ಬೇಸ್‌ನವರು ಎರಡು ಮಾತ್ರೆಗೊಮ್ಮೆ, ನಾಲ್ಕು ಮಾತ್ರೆಗೊಮ್ಮೆ ಗ್ರಹಭೇದ ಮಾಡುತ್ತಲೇ ಇರುತ್ತಾರೆ, ಜೊತೆಗೆ ಡ್ರಮ್ಮಿನವನ ಕಾಲಿನ ಪೆಟ್ಟಿಗೆ ತಾಳವನ್ನೂ ಹೊಂದಿಸಬೇಕು. ಪಕ್ಕವಾದ್ಯ ಅನ್ನಿ, ತಪ್ಪಿಲ್ಲ. ಆದರೆ ರಾಗದ ಹೆಸರು ತೀರ್ಮಾನವಾಗುವುದು ಈ ಪಕ್ಕದಲ್ಲೇ.

ಹಾಗಾಗಿ ನನ್ನ ಉತ್ತರ ಇಷ್ಟು: ಬೇಸ್ ಯಾರದು ಅಂತ ಹೇಳಿ, ಆ ವರ್ಷ ಬೆಕ್ ಹೇಗೆ ನುಡಿಸಿದ್ದ ಅಂತ ನಾನು ಹೇಳುತ್ತೇನೆ. ಆತ ಇಡೀ ಆಯುಸ್ಸು ತಂಡಗಳನ್ನು ಕಟ್ಟಿ ಕೆಡವಿದವನು. ಪ್ರತಿ ಸಲ ಕೆಳಗಿನ ನೆಲ ಬದಲಾದಾಗ ಅವನ ನಡಿಗೆಯೂ ಬದಲಾಗಿದೆ.

1966ರಲ್ಲಿ ಯಾರ್ಡ್‌ಬರ್ಡ್ಸ್‌ನ ಬೇಸ್‌ನವನು ಬಿಟ್ಟುಹೋದಾಗ ಆ ಜಾಗಕ್ಕೆ ಬಂದವನು ಜಿಮ್ಮಿ ಪೇಜ್. ಹೌದು, ಮುಂದೆ ಗಿಟಾರಿಗೇ ಹೆಸರಾದ ಅದೇ ಪೇಜ್, ಕೆಲಕಾಲ ಬೇಸ್ ಹಿಡಿದು ಬೆಕ್ ಪಕ್ಕ ನಿಂತಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ ‘ಬೆಕ್ಸ್ ಬೊಲೆರೊ’ ರೆಕಾರ್ಡ್ ಮಾಡಿದಾಗ ಪೇಜ್ ಹನ್ನೆರಡು ತಂತಿಯ ಗಿಟಾರಿಗೆ, ಬೇಸಿಗೆ ಜಾನ್ ಪಾಲ್ ಜೋನ್ಸ್. ಎರಡು ವರ್ಷಕ್ಕೆ ಇವರಿಬ್ಬರೂ ‘ಲೆಡ್ ಝೆಪ್ಲಿನ್’ನಲ್ಲಿ. 1968ರ ‘ಟ್ರೂತ್’ ಆಲ್ಬಮ್ಮಿನಲ್ಲಿ ಬೇಸ್ ರಾನಿ ವುಡ್‌ನದು. ಮುಂದೆ ರೋಲಿಂಗ್ ಸ್ಟೋನ್ಸ್‌ನ ಗಿಟಾರ್ ವಾದಕನಾದ ಮನುಷ್ಯ. ಮೂಲತಃ ಗಿಟಾರಿನವನೇ ಆದದ್ದರಿಂದ ಬೇಸನ್ನೂ ಸುಮ್ಮನಿರಲು ಬಿಡುವುದಿಲ್ಲ, ಕೆಳಗೆ ಗುರುಗುಟ್ಟುತ್ತಲೇ ಇರುತ್ತಾನೆ. ಬೆಕ್ ಅಲ್ಲಿ ಜಗಳಕ್ಕೆ ನಿಂತವನ ಹಾಗೆ ನುಡಿಸುತ್ತಾನೆ.

1973ರಲ್ಲಿ ಟಿಮ್ ಬೊಗರ್ಟ್ ಮತ್ತು ಡ್ರಮ್ಮಿನ ಕಾರ್ಮೈನ್ ಅಪೀಸ್ ಜೊತೆ ಮೂವರ ತಂಡದ ಆಲ್ಬಮ್ ಬಂತು. ಬೊಗರ್ಟ್ ಅಸಾಧ್ಯ ಕೈಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಮೇಜಿನಲ್ಲಿ ಕೂತು ಇಬ್ಬರೂ ಒಟ್ಟಿಗೆ ಮಾತಾಡಿದರೆ ಹೇಗಿರುತ್ತದೆ? ಬೈಟು ಕಾಫಿ ಆರಿಹೋಗುತ್ತದೆ, ಮಾತು ಮುಗಿಯುವುದಿಲ್ಲ. ಈ ಆಲ್ಬಮ್ಮನ್ನು ಮೆಚ್ಚುವ ಗೆಳೆಯರಿದ್ದಾರೆ, ಬೈಯಲಿ.

ಅಲ್ಲಿಂದ 1975ರ ‘ಬ್ಲೋ ಬೈ ಬ್ಲೋ’ಗೆ ಬನ್ನಿ. ನಿರ್ಮಾಪಕ ಜಾರ್ಜ್ ಮಾರ್ಟಿನ್, ಬೀಟಲ್ಸ್ ಹಿಂದಿದ್ದ ಅದೇ ಮೇಷ್ಟ್ರು. ಹಾಡುಗಾರನಿಲ್ಲದ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಬೇಸ್ ಫಿಲ್ ಚೆನ್, ಜಮೈಕಾದಲ್ಲಿ ಹುಟ್ಟಿದ ಚೀನೀ ಮೂಲದವನು. ಜಮೈಕಾದ ರೆಗ್ಗೆ ಸಂಗೀತದಲ್ಲಿ ಬೇಸ್‌ನವನ ದೊಡ್ಡ ವಿದ್ಯೆ ಎಲ್ಲಿ ನುಡಿಸಬಾರದು ಅನ್ನೋದು. ಚೆನ್ ಎರಡು ಸ್ವರ ಇಟ್ಟು ಮೂರನೆಯದನ್ನು ಬಿಟ್ಟುಬಿಡುತ್ತಾನೆ, ಆ ಖಾಲಿ ಜಾಗದಲ್ಲಿ ಬೆಕ್ ಮೊದಲ ಸಲ ಉಸಿರು ಬಿಡುತ್ತಾನೆ. ಎರಡು ವರ್ಷ ಹಿಂದೆ ಕಿರುಚುತ್ತಿದ್ದವನು ಇವನೇನಾ ಅನ್ನಿಸುತ್ತದೆ.

ಮರುವರ್ಷದ ‘ವೈರ್ಡ್’ನಲ್ಲಿ ಬೇಸ್ ವಿಲ್ಬರ್ ಬ್ಯಾಸ್ಕಂಬ್. ಅದರಲ್ಲಿ ಬೆಕ್ ಹಾಡಿಸಿದ ಅತ್ಯಂತ ಮನಮಿಡಿಯುವ ರಾಗ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’, ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್ 1959ರಲ್ಲಿ ತೀರಿಕೊಂಡಾಗ ಚಾರ್ಲ್ಸ್ ಮಿಂಗಸ್ ಕಟ್ಟಿದ್ದು. ಮಿಂಗಸ್‌ನ ವಾದ್ಯ ಯಾವುದು ಅಂತ ಬೇರೆ ಹೇಳಬೇಕೆ? ಆಳೆತ್ತರದ ಡಬಲ್ ಬೇಸ್.

ಮುಂದೆ ಸ್ಟ್ಯಾನ್ಲಿ ಕ್ಲಾರ್ಕ್ ಬಂದ, ಮೊ ಫಾಸ್ಟರ್ ಬಂದ. ಎಲ್ಲರ ಬಗ್ಗೆ ಬರೆದರೆ ಇದು ಟೆಲಿಫೋನ್ ಡೈರೆಕ್ಟರಿಯಾದೀತು. ನೇರ 2007ಕ್ಕೆ ಹೋಗುತ್ತೇನೆ. ಎಲ್ಲರಿಗೂ ನಾನು ಕಳಿಸುವ ವಿಡಿಯೋ ಆ ವರ್ಷದ್ದೇ.

ಜುಲೈ ತಿಂಗಳು, ಶಿಕಾಗೊ ಹತ್ತಿರ ಕ್ಲಾಪ್ಟನ್ ನಡೆಸಿದ ಕ್ರಾಸ್‌ರೋಡ್ಸ್ ಗಿಟಾರ್ ಉತ್ಸವ. ಬೆಕ್‌ಗೆ 63. ಪಕ್ಕದಲ್ಲಿ ಗುಂಗುರು ಕೂದಲಿನ ಹುಡುಗಿ, ಟ್ಯಾಲ್ ವಿಲ್ಕೆನ್‌ಫೆಲ್ಡ್. ಸಿಡ್ನಿಯವಳು, ಹದಿನಾರಕ್ಕೆ ಅಮೆರಿಕಕ್ಕೆ ಬಂದು ಹದಿನೇಳಕ್ಕೆ ಗಿಟಾರ್ ಬಿಟ್ಟು ಬೇಸ್ ಹಿಡಿದವಳು. ಆವತ್ತು ಅವಳಿಗೆ ಇಪ್ಪತ್ತು. ಅಂದರೆ ಬೇಸ್ ಹಿಡಿದು ಮೂರು ಚಿಲ್ಲರೆ ವರ್ಷ. ಹಿಂದೆ ಡ್ರಮ್ಮಿಗೆ ವಿನ್ನಿ ಕೊಲೈಯುಟ. ನುಡಿಸುತ್ತಿರುವುದು ‘ಕಾಸ್ ವೀವ್ ಎಂಡೆಡ್ ಆ್ಯಸ್ ಲವರ್ಸ್’, ಸ್ಟೀವಿ ವಂಡರ್ ರಚನೆ, ‘ಬ್ಲೋ ಬೈ ಬ್ಲೋ’ದಲ್ಲಿ ಬೆಕ್ ತನ್ನದಾಗಿಸಿಕೊಂಡದ್ದು. ಬೇರ್ಪಟ್ಟವರ ರಾಗ, ವಿಳಂಬದ್ದು.

ರಾಗವನ್ನು ಅವನು ಒಂದು ಸುತ್ತು ಹಾಡಿಸಿದ ಮೇಲೆ ಬೇಸಿಗೆ ತನಿ, ಅಂದರೆ ಒಬ್ಬಳೇ ನುಡಿಸುವ ಸರದಿ, ಬಿಡುತ್ತಾನೆ. ಇಪ್ಪತ್ತು ವರ್ಷದವರು ಇಂಥ ಕಡೆ ಏನು ಮಾಡುತ್ತಾರೆ? ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಸುರಿಯುತ್ತಾರೆ. ಈಕೆ ಆತುರ ಬೀಳುವುದಿಲ್ಲ. ಕೈ ಬೇಸಿನ ಕತ್ತಿನ ಮೇಲ್ಗಡೆ ಏರುತ್ತದೆ, ಬೇಸ್ ಅನ್ನುವ ವಾದ್ಯಕ್ಕೆ ಹೆಣ್ಣುದನಿ ಬರುವ ಎತ್ತರಕ್ಕೆ. ಒಂದು ಸಣ್ಣ ಮಾತು ಹೇಳುತ್ತಾಳೆ, ನಿಲ್ಲಿಸುತ್ತಾಳೆ. ಅದೇ ಮಾತನ್ನು ಸ್ವಲ್ಪ ತಿರುಗಿಸಿ ಇನ್ನೊಮ್ಮೆ. ಆಮೇಲೆ ಬೇಕಾದಷ್ಟು ವೇಗವೂ ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ನಾವು ಅವಳ ಕಥೆಯೊಳಗೆ ಸಿಕ್ಕಿಕೊಂಡಾಗಿರುತ್ತದೆ. ಹಾಗೆ ನುಡಿಸುವಾಗ ತಳದಲ್ಲಿ ಬೇಸ್ ಇಲ್ಲ, ಮೇಲಕ್ಕೆ ಹೋಗಿಬಿಟ್ಟಿದೆ. ಕೀಬೋರ್ಡೂ ಡ್ರಮ್ಮೂ ಮೆತ್ತಗೆ ಹಿಡಿದುಕೊಂಡಿವೆ. ಬೆಕ್ ಮುಖದಲ್ಲಿ ನಗು.

ಆ ನಗುವನ್ನು ನಾನು ಎಷ್ಟು ಸಲ ನೋಡಿದ್ದೇನೋ. ರಾಮನವಮಿ ಕಛೇರಿಗಳಲ್ಲಿ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವ ರಸಿಕರು ನಮ್ಮಲ್ಲಿದ್ದಾರೆ. ಆದರೆ ವೇದಿಕೆಯ ಮೇಲೆ ಹಾಡುಗಾರರು ತೊಡೆಯ ಮೇಲೆ ತಾಳ ಹಾಕುತ್ತ ಮೃದಂಗದವರ ಕಡೆ ಪೂರ್ತಿ ತಿರುಗಿ ಕೂತಿರುತ್ತಾರಲ್ಲ, ಮುಕ್ತಾಯದ ತೀರ್ಮಾನ ಬೀಳುವಾಗ ‘ಭೇಷ್’ ಅನ್ನುವಂತೆ ತಲೆ ಕೊಡವುತ್ತಾರಲ್ಲ, ಬೆಕ್ ಮುಖದಲ್ಲಿರುವುದು ಅದು. ಮತ್ತೆ ಗಿಟಾರ್ ಎತ್ತಿಕೊಂಡಾಗ ಅವನ ಮೊದಲ ಸಾಲು ಮೊದಲಿಗಿಂತ ಮೆದುವಾಗಿದೆ. ಅವಳು ಹೇಳಿದ ಮೇಲೆ ಅವನಿಗೂ ಕಿರುಚಲು ಮನಸ್ಸಿಲ್ಲ. ಅದೇ ನವೆಂಬರಿನಲ್ಲಿ ಲಂಡನ್ನಿನ ‘ರಾನಿ ಸ್ಕಾಟ್ಸ್’ ಎಂಬ ಪುಟ್ಟ ಜಾಜ್ ಕ್ಲಬ್ಬಿನಲ್ಲಿ ಬೆಕ್, ಟ್ಯಾಲ್, ವಿನ್ನಿ ಮತ್ತೆ ಒಟ್ಟಿಗೆ ನುಡಿಸಿದ್ದು ಆಲ್ಬಮ್ಮಾಗಿ ಬಂದಿದೆ. ಇಯರ್‌ಫೋನ್ ಕೊಂಡಮೇಲೆ ಅದನ್ನೇ ಮೊದಲು ಹಾಕಿ.

ವಿಡಿಯೋ ನೋಡಿದ ಅರ್ಧ ಜನ ‘ಹುಡುಗಿಯಾಗಿ ಹೀಗೆ ನುಡಿಸ್ತಾಳಲ್ಲ’ ಅನ್ನುತ್ತಾರೆ. ನಾನು ಉತ್ತರ ಕೊಡುವುದಿಲ್ಲ, ರೋಂಡಾ ಸ್ಮಿತ್ ವಿಡಿಯೋ ಕಳಿಸುತ್ತೇನೆ. ಅಮೆರಿಕದ ಪಾಪ್ ತಾರೆ ಪ್ರಿನ್ಸ್ ಜೊತೆ ಹತ್ತು ವರ್ಷದ ಹತ್ತಿರ ನುಡಿಸಿ, 2010ರಲ್ಲಿ ಬೆಕ್ ತಂಡಕ್ಕೆ ಬಂದ ಕೆನಡಾದ ಕಲಾವಿದೆ. ಟ್ಯಾಲ್ ಬೇಸ್ ಹಾಡುತ್ತದೆ, ರೋಂಡಾ ಬೇಸ್ ಕುಣಿಸುತ್ತದೆ. ಆಕೆ ಹೆಬ್ಬೆರಳಿನಿಂದ ತಂತಿಗೆ ಬಡಿದರೆ ಬೆಕ್ ಅರವತ್ತಾರರ ಮೇಲೂ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಮುನ್ನುಗ್ಗುತ್ತಾನೆ. 2022ರ ಅವನ ಕೊನೆಯ ಪ್ರವಾಸದಲ್ಲೂ ಪಕ್ಕದಲ್ಲಿದ್ದದ್ದು ಆಕೆಯೇ.

ಇಷ್ಟೆಲ್ಲ ಹೇಳಿ ನನ್ನ ವಾದಕ್ಕೆ ಹೊಂದದ ಒಂದು ಸಾಕ್ಷಿಯನ್ನು ಮುಚ್ಚಿಟ್ಟರೆ ಭಾವನ ಮಗ ಬಿಡುವುದಿಲ್ಲ, ಈಗಾಗಲೇ ಹಿಡಿದಿದ್ದಾನೆ. 1989ರ ‘ಗಿಟಾರ್ ಶಾಪ್’ ಆಲ್ಬಮ್ಮಿನಲ್ಲಿ ಬೇಸ್‌ನವರೇ ಇಲ್ಲ. ಬೆಕ್, ಡ್ರಮ್ಮಿನ ಟೆರಿ ಬೋಝಿಯೊ, ಕೀಬೋರ್ಡಿನ ಟೋನಿ ಹೈಮಸ್, ಅಷ್ಟೇ. ತಗ್ಗಿನ ಸ್ವರವೆಲ್ಲ ಕೀಬೋರ್ಡಿನಿಂದ. ಅದಕ್ಕೆ ಗ್ರ್ಯಾಮಿ ಬೇರೆ ಬಂತು. ಅದರಲ್ಲಿರುವ ‘ವೇರ್ ವರ್ ಯೂ’ ನನ್ನ ಮಟ್ಟಿಗೆ ಅವನ ಅತ್ಯುತ್ತಮ ಕೆಲಸ. ಬಲ್ಗೇರಿಯಾದ ಹೆಂಗಸರ ಮೇಳಗಾನ ಕೇಳಿ ಹುಟ್ಟಿದ್ದು. ತಂತಿಯನ್ನು ಪೂರ್ತಿ ಒತ್ತದೆ, ಬರೀ ತಾಗಿಸಿ ಹೊರಡಿಸಿದ ಗಾಜಿನಂಥ ಸ್ವರಗಳನ್ನು ವ್ಯಾಮಿ ಬಾರ್ ಒಂದರಲ್ಲೇ ಬಗ್ಗಿಸಿ ರಾಗ ಮಾಡಿದ್ದಾನೆ. ಡ್ರಮ್ಮಿಲ್ಲ, ಬೇಸಿಲ್ಲ, ಕೆಳಗೆ ಮಂಜಿನಂತೆ ಕೀಬೋರ್ಡು.

“ಮತ್ತೆ ನೆಲ ಬೇಕು ಅಂದ್ಯಲ್ಲ ಮಾವ?” ಅಂದ ಹುಡುಗ.

ನೆಲವಿಲ್ಲದೆಯೂ ಮೂರು ಚಿಲ್ಲರೆ ನಿಮಿಷ ನಿಂತ ಮನುಷ್ಯ ಅಂತ ಒಪ್ಪಿಕೊಂಡೆ. ಆದರೆ ಅದು ಮುಗಿದ ಮೇಲೆ ಬೇಸ್ ಇರುವ ಇನ್ನೊಂದನ್ನು ಹಾಕಿ ನೋಡು, ಬೇಸ್ ಬಂದ ಗಳಿಗೆ ಎದೆಗೆ ಹೇಗೆ ತಾಗುತ್ತದೆ ಅಂತಲೂ ಹೇಳಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

2023ರ ಜನವರಿ 10ರಂದು ಬೆಕ್ ಹೋದ. ಮಿದುಳುಪೊರೆಯ ಸೋಂಕು, 78 ವರ್ಷ. ಸುದ್ದಿ ತಿಳಿದ ದಿನ ಅತ್ತೆ ಮನೆಯಲ್ಲಿದ್ದೆ. ಹೇಳಿದೆ. ತರಕಾರಿ ಹೆಚ್ಚುತ್ತಿದ್ದವರು ಈಳಿಗೆಮಣೆ ಪಕ್ಕಕ್ಕಿಟ್ಟು, “ಅಯ್ಯೋ, ಬೆಕ್ಕು ಹೋಯ್ತಾ” ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

“ಆ ಹುಡುಗಿ ಏನು ಮಾಡ್ತಿದಾಳೋ ಈಗ? ಗುಂಗುರು ಕೂದಲಿನವಳು.”

“ಅವಳದೇ ಆಲ್ಬಮ್ ಬಂದಿದೆ ಅತ್ತೆ, 2019ರಲ್ಲಿ. ಈಗ ಹಾಡ್ತಾಳೆ.”

“ಹಾಡ್ಲಿ ಬಿಡು. ಕೆಳಗೆ ಯಾರು ನುಡಿಸೋದು?”

“ಅದೂ ಅವಳೇ.”

“ಹಾಗಾದ್ರೆ ಹಾಕು, ಕೇಳೋಣ” ಅಂದು ಈಳಿಗೆಮಣೆ ಮತ್ತೆ ಎಳೆದುಕೊಂಡರು.